ಹತ್ತು ರೂಪಾಯಿ ಚಹಾಕ್ಕೂ ಸಾಕ್ಷಿ ಬೇಕೇನು?

ನಮ್ಮೂರ ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಸಂಜೆ ಆರರ ಮೇಲೆ ಕೂತರೆ ಮಾತಿಗೆ ಗಡಿಯಿಲ್ಲ. ಕಪ್ಪುಕುಳಿಯಿಂದ ಶುರುವಾಗಿ ಕಂಪ್ಯೂಟರ್ ಕೆಟ್ಟ ಕಥೆಗೆ ಬಂದು, ಅಲ್ಲಿಂದ ದೇಶದಲ್ಲಿ ಸ್ವಾತಂತ್ರ್ಯ ಉಳಿದಿದೆಯೋ ಇಲ್ಲವೋ ಎಂಬಲ್ಲಿಗೆ ಹಾರಿ, ಕೊನೆಗೆ ಚಹಾದ ದುಡ್ಡನ್ನು ಯಾರ ಫೋನಿನಿಂದ ಕೊಡುವುದು ಎಂಬ ಜಗಳದಲ್ಲಿ ಮುಗಿಯುತ್ತದೆ. ಮೊನ್ನೆ ಹೈಸ್ಕೂಲಿನ ವಿಜ್ಞಾನ ಮೇಷ್ಟ್ರು ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು ಎಂಟು ನಿಮಿಷ ಚಿಲ್ಲರೆ ಹಿಡಿಯುತ್ತದೆ ಎಂದು ವಿವರಿಸುತ್ತಿದ್ದರು. ಪಕ್ಕದಲ್ಲಿದ್ದ ಸೈಬರ್ ಸೆಂಟರ್ ಹುಡುಗ ಬಾಯಿ ಹಾಕಿದ: "ಹದಿನೈದು ಕೋಟಿ ಕಿಲೋಮೀಟರ್ ಎಂಟು ನಿಮಿಷದಾಗ ಬರ್ತೈತಿ ಅಂತೀರಿ. ನಾ ಇಲ್ಲಿಂದ ಎದುರಿನ ಕಿರಾಣಿ ಅಂಗಡಿಗೆ ಹಾಕಿದ ನಾನೂರು ರೂಪಾಯಿ ಮೂರು ದಿನ ಆತ್ರಿ, ಇನ್ನೂ ದಾರಿಯೊಳಗೈತಿ."

ಎಲ್ಲರೂ ನಕ್ಕೆವು. ಅಂಗಡಿಯಾತ ಮಾತ್ರ ನಗಲಿಲ್ಲ. "ದಾರಿಯೊಳಗಿದ್ರ ಬರ್ತೈತಿ ಬಿಡ್ರಿ. ದಾರಿಯೊಳಗ ಅದನ್ನ ಯಾರ್ಯಾರು ಬರಕೊಂಡಾರ ಅನ್ನೋದು ಹೇಳ್ರಿ ಮೊದಲ" ಎಂದ. ಅವನ ತಲೆಯ ಮೇಲಿನ ಗೋಡೆಯಲ್ಲಿ ರಟ್ಟಿನ ತುಂಡೊಂದು ತೂಗುತ್ತಿತ್ತು: 'ನಗದು ಮಾತ್ರ'. ಅದರ ಕೆಳಗೆ, ಕೀಳಲು ನೋಡಿ ಅರ್ಧಕ್ಕೆ ಬಿಟ್ಟ ಕ್ಯೂಆರ್ ಕೋಡಿನ ಸ್ಟಿಕ್ಕರು.

ಪತ್ರಿಕೋದ್ಯಮ ಓದಿದ ನಾನು ಕೇಳಬೇಕಿದ್ದ ಪ್ರಶ್ನೆಯನ್ನು ಚಹಾದಂಗಡಿಯಾತ ಕೇಳಿದ್ದ. ನಾವು ಗ್ರಾಮೀಣ ಪತ್ರಿಕೋದ್ಯಮದ ಪದವೀಧರರು ವರ್ಷಗಟ್ಟಲೆ 'ಹಳ್ಳಿಗೂ ಬಂತು ಡಿಜಿಟಲ್ ಕ್ರಾಂತಿ' ಎಂದು ಸೊಪ್ಪಿನಜ್ಜಿಯ ಬುಟ್ಟಿಗೆ ಅಂಟಿಸಿದ ಕ್ಯೂಆರ್ ಕೋಡಿನ ಫೋಟೋ ಹಾಕಿ ಸುದ್ದಿ ಮಾಡಿದ್ದೇವೆ. ನಾನೂ ಮಾಡಿದ್ದೇನೆ. ಆ ಅಜ್ಜಿಯ ಹಣ ಯಾರ ಖಾತೆಗೆ ಹೋಗುತ್ತಿದೆ, ಸಂದೇಶ ಯಾರ ಫೋನಿಗೆ ಬರುತ್ತಿದೆ, ಆ ದಾಖಲೆ ಮುಂದೆ ಯಾರ ಮೇಜಿಗೆ ಹೋಗುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ. ಈ ಬರಹ ಆ ತಪ್ಪಿಗೆ ಬರೆಯುತ್ತಿರುವ ತಿದ್ದುಪಡಿ.

ನಾನು ಹೇಳಬೇಕಾದದ್ದು ಇಷ್ಟು. ಯುಪಿಐ ಇರಲಿ, ವ್ಯಾಲೆಟ್ ಇರಲಿ. ಆದರೆ ಕೈಯಿಂದ ಕೈಗೆ ನೋಟು ಕೊಟ್ಟು, ಯಾರಿಗೂ ಲೆಕ್ಕ ಒಪ್ಪಿಸದೆ ಮನೆಗೆ ಹೋಗುವುದೂ ಒಂದು ಹಕ್ಕು. ಅದನ್ನು ಹಳೆಯ ಕಾಲದ ಚಟ ಎಂದೋ, ಕಳ್ಳರ ಅನುಕೂಲ ಎಂದೋ ತಳ್ಳಿಹಾಕುವವರು ಬಡವರ, ಅದರಲ್ಲೂ ಹೆಂಗಸರ, ಅಳಿದುಳಿದ ಒಂದಿಷ್ಟು ಸ್ವಾತಂತ್ರ್ಯಕ್ಕೆ ಕೈ ಹಾಕುತ್ತಿದ್ದಾರೆ.

ಅನುಕೂಲ ಎಂದು ಬಂದದ್ದು ಸಾಕ್ಷಿಯಾಯಿತು

2025ರ ಜುಲೈಯನ್ನು ನೆನಪಿಸಿಕೊಳ್ಳಿ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ 2024-25ರವರೆಗಿನ ಯುಪಿಐ ಜಮಾ ವಿವರಗಳನ್ನು ಪಾವತಿ ಸಂಸ್ಥೆಗಳಿಂದ ತರಿಸಿಕೊಂಡು, ಸಣ್ಣ ವ್ಯಾಪಾರಿಗಳಿಗೆ ಸಾವಿರಾರು ನೋಟಿಸ್ ಕಳಿಸಿತು. ನಮ್ಮ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳಲ್ಲಿ 1.63 ಕೋಟಿ ರೂಪಾಯಿ ವಹಿವಾಟಾಗಿದೆ, 29 ಲಕ್ಷ ಕಟ್ಟಿ ಎಂಬ ನೋಟಿಸ್ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಎಂಬುದು ಸಂತೆಗೆ ಹೋಗುವ ಎಲ್ಲರಿಗೂ ಗೊತ್ತು. ಬೆಂಗಳೂರಿನ ಬೇಕರಿ, ಬೀಡಾ ಅಂಗಡಿ, ಹಾಲಿನ ಬೂತುಗಳ ಮುಂದೆ 'ಯುಪಿಐ ಇಲ್ಲ' ಎಂಬ ಬೋರ್ಡುಗಳು ಎದ್ದವು. ಜುಲೈ 25ಕ್ಕೆ ಬಂದ್ ಎಂದು ವ್ಯಾಪಾರಿಗಳು ಘೋಷಿಸಿದರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ಗದ್ದಲ ತಣ್ಣಗಾಯಿತು.

ಗದ್ದಲ ತಣ್ಣಗಾಯಿತು, ಪ್ರಶ್ನೆ ಹಾಗೇ ಉಳಿಯಿತು. ಮೊದಲೇ ಹೇಳಿಬಿಡುತ್ತೇನೆ: ತೆರಿಗೆ ಕಟ್ಟಬೇಕಾದವರು ಕಟ್ಟಲೇಬೇಕು. ತೆರಿಗೆ ತಪ್ಪಿಸುವುದನ್ನು ನಾನು ಸ್ವಾತಂತ್ರ್ಯ ಎಂದು ಕರೆಯುವುದಿಲ್ಲ. ಆದರೆ ಲೆಕ್ಕ ನೋಡಿ. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆಗೆ 20 ಲಕ್ಷ. 40 ಲಕ್ಷವೆಂದರೆ ದಿನಕ್ಕೆ ಹತ್ತಿರಹತ್ತಿರ 11 ಸಾವಿರ. 20 ಲಕ್ಷವೆಂದರೆ ದಿನಕ್ಕೆ ಐದೂವರೆ ಸಾವಿರ, ಅಂದರೆ ಹತ್ತು ರೂಪಾಯಿಯ ಐನೂರೈವತ್ತು ಲೋಟ ಚಹಾ. ಇದು ಲಾಭವಲ್ಲ, ಗಲ್ಲಾಪೆಟ್ಟಿಗೆ ಮುಟ್ಟಿದ ಒಟ್ಟು ದುಡ್ಡು. ಹಾಲು, ಸಕ್ಕರೆ, ಗ್ಯಾಸು, ಬಾಡಿಗೆ, ಹುಡುಗನ ಪಗಾರ ಎಲ್ಲವೂ ಅದರೊಳಗೇ ಹೋಗಬೇಕು. ಅದಕ್ಕಿಂತ ಹೆಚ್ಚಾಗಿ, ಅದೇ ಕ್ಯೂಆರ್ ಕೋಡಿಗೆ ತಂಗಿ ಕಳಿಸಿದ ಚೀಟಿ ದುಡ್ಡು ಬರುತ್ತದೆ, ಗೆಳೆಯ ತೀರಿಸಿದ ಕೈಸಾಲ ಬರುತ್ತದೆ, ಮದುವೆ ಮುಯ್ಯಿ ಬರುತ್ತದೆ. ಯಂತ್ರಕ್ಕೆ ಇವೆಲ್ಲ ಒಂದೇ: ಜಮಾ.

ಅಂಗಡಿಗೆ ಬಂದು ಸ್ಟಿಕ್ಕರ್ ಅಂಟಿಸಿದವನು ಇದನ್ನೆಲ್ಲ ಹೇಳಿದ್ದನೇ? 'ಚಿಲ್ಲರೆ ತಲೆನೋವು ಇರಲ್ಲ, ಖೋಟಾ ನೋಟಿನ ಭಯ ಇರಲ್ಲ, ಶುಲ್ಕ ಇಲ್ಲ' ಎಂದಷ್ಟೇ ಹೇಳಿದ್ದ. ಅವನು ಹೇಳಿದ್ದು ಸುಳ್ಳಲ್ಲ. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವಂತಿಲ್ಲ ಎಂಬ ನಿಯಮವೇ ಇದೆ. ಆದರೆ 'ಈ ದಾಖಲೆಯನ್ನು ನಾಲ್ಕು ವರ್ಷ ಆದ ಮೇಲೆ ಸರ್ಕಾರ ತರಿಸಿಕೊಂಡು ನಿನ್ನ ಮುಂದೆ ಇಡಬಹುದು, ಆಗ ಯಾವುದು ವ್ಯಾಪಾರ ಯಾವುದು ಮುಯ್ಯಿ ಎಂದು ನೀನೇ ರುಜುವಾತು ಮಾಡಬೇಕು' ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಅವನು ಮೊದಲೇ ಎರಡು ಖಾತೆ ಇಡುತ್ತಿದ್ದ, ರಾಜಿ ತೆರಿಗೆ ಪದ್ಧತಿಗೆ ಸೇರಿಕೊಳ್ಳುತ್ತಿದ್ದ. ಅನುಕೂಲದ ಹೆಸರಿನಲ್ಲಿ ಕಲೆಹಾಕಿದ ಲೆಕ್ಕವನ್ನು ಆಮೇಲೆ ಬೇರೆ ಕೆಲಸಕ್ಕೆ ಬಳಸುವುದಕ್ಕೆ ನನ್ನ ಮೊದಲ ತಕರಾರು.

ಒಂದು ಲೋಟ ಚಹಾ, ಐದು ಸಾಕ್ಷಿ

ವ್ಯಾಲೆಟ್ ಬೇರೆ, ಯುಪಿಐ ಬೇರೆ ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ವ್ಯಾಲೆಟ್ ಎಂದರೆ ಮುಂಗಡ ತುಂಬಿಟ್ಟ ಚೀಲ, ದುಡ್ಡು ಕಂಪನಿಯ ಬಳಿ ಇರುತ್ತದೆ. ಯುಪಿಐ ಎಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ನೇರ ವರ್ಗಾವಣೆ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮ 2016ರಲ್ಲಿ ಇದನ್ನು ಶುರು ಮಾಡಿತು. 2025ರ ಆಗಸ್ಟ್ ತಿಂಗಳೊಂದರಲ್ಲೇ 2,000 ಕೋಟಿಗೂ ಹೆಚ್ಚು ವಹಿವಾಟು ಇದರ ಮೂಲಕ ನಡೆಯಿತು. ಎಂಜಿನಿಯರುಗಳ ಕೆಲಸವಾಗಿ ಇದು ದೊಡ್ಡ ಸಾಧನೆ, ಅನುಮಾನವಿಲ್ಲ.

ಆದರೆ ನಾನು ಹತ್ತು ರೂಪಾಯಿ ಚಹಾಕ್ಕೆ ಸ್ಕ್ಯಾನ್ ಮಾಡಿದಾಗ ಏನಾಗುತ್ತದೆ? ಆ್ಯಪ್ ಕಂಪನಿಗೆ ಗೊತ್ತಾಗುತ್ತದೆ. ಆ ಆ್ಯಪಿಗೆ ಆಸರೆಯಾದ ಬ್ಯಾಂಕಿಗೆ ಗೊತ್ತಾಗುತ್ತದೆ. ನಡುವಿನ ಪಾವತಿ ನಿಗಮಕ್ಕೆ ಗೊತ್ತಾಗುತ್ತದೆ. ನನ್ನ ಬ್ಯಾಂಕಿಗೆ, ಅಂಗಡಿಯವನ ಬ್ಯಾಂಕಿಗೆ ಗೊತ್ತಾಗುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ಯಾರಿಗೆ, ಎಷ್ಟು ಎಂಬುದೆಲ್ಲ ದಾಖಲಾಗುತ್ತದೆ. ದೇಶದ ಯುಪಿಐ ವಹಿವಾಟಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಎರಡೇ ಆ್ಯಪ್‌ಗಳದು: ಒಂದರ ಬಹುಪಾಲು ಒಡೆತನ ಅಮೆರಿಕದ ವಾಲ್‌ಮಾರ್ಟ್‌ನದು, ಇನ್ನೊಂದು ಗೂಗಲ್‌ನದು. ಒಂದು ಆ್ಯಪ್ ಶೇಕಡ 30ಕ್ಕಿಂತ ಹೆಚ್ಚು ಪಾಲು ಹೊಂದಬಾರದು ಎಂದು ಪಾವತಿ ನಿಗಮವೇ 2020ರ ನವೆಂಬರಿನಲ್ಲಿ ಹೇಳಿತ್ತು. ಗಡುವನ್ನು ಮುಂದೂಡುತ್ತ ಮುಂದೂಡುತ್ತ 2026ರ ಕೊನೆಗೆ ತಂದು ನಿಲ್ಲಿಸಿದೆ.

ಅದೇ ಹತ್ತರ ನೋಟು ಕೊಟ್ಟರೆ? ನನಗೆ ಗೊತ್ತು, ಅವನಿಗೆ ಗೊತ್ತು. ಮುಗಿಯಿತು.

'ತಪ್ಪು ಮಾಡದವನಿಗೆ ಭಯ ಯಾಕೆ?' ಎಂದು ಕೇಳುತ್ತಾರೆ. ಇದಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದೇ ಉತ್ತರ ಕೊಟ್ಟಿದ್ದಾರೆ. ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿದ್ದಾರೆ. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ವಿರುದ್ಧ ಕೋರ್ಟಿನ ಮೆಟ್ಟಿಲು ಹತ್ತಿದ ಹಿರಿಯರು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಅವರ ಹೆಸರಿನ ತೀರ್ಪು ಓದುತ್ತಾರೆ. ನಮ್ಮ ತಾಲ್ಲೂಕಿನಲ್ಲಿ ಹತ್ತು ಜನರಿಗೆ ಅವರ ಹೆಸರು ಗೊತ್ತಿದ್ದರೆ ಹೆಚ್ಚು. 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆ ಮಾಡಿತು. ಆದರೆ ಸರ್ಕಾರ ತಾನು ಸೂಚಿಸಿದ ತನ್ನದೇ ಸಂಸ್ಥೆಗಳಿಗೆ ಆ ಕಾಯ್ದೆಯಿಂದ ವಿನಾಯಿತಿ ಕೊಟ್ಟುಕೊಳ್ಳುವ ಅಧಿಕಾರವನ್ನೂ ಅದರಲ್ಲೇ ಇಟ್ಟುಕೊಂಡಿತು.

ಸಾಸಿವೆ ಡಬ್ಬಿ

ಕೋರ್ಟಿನ ಮಾತು ದೂರದ್ದು ಅನ್ನಿಸಿದರೆ ನನ್ನ ಮನೆಯ ಮಾತು ಕೇಳಿ.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದು ಎಂದು ಟಿವಿಯಲ್ಲಿ ಬಂದ ಅರ್ಧ ಗಂಟೆಗೆ ಅವ್ವ ಅಡುಗೆಮನೆಯಿಂದ ಸಾಸಿವೆ ಡಬ್ಬಿ ತಂದು ಅಪ್ಪನ ಮುಂದೆ ಇಟ್ಟಳು. ಸಾಸಿವೆಯ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಐನೂರರ ಹದಿಮೂರು ನೋಟು. ಆರೂವರೆ ಸಾವಿರ. ಅಪ್ಪ ನಕ್ಕ. 'ಕಪ್ಪುಹಣ ಸಿಕ್ಕಿತು' ಎಂದ. ನಾವೂ ನಕ್ಕೆವು. ಅವ್ವ ನಗಲಿಲ್ಲ. ಆ ಡಬ್ಬಿಯಿಂದಲೇ ನನ್ನ ಪಿಯುಸಿ ಫೀಸು ಎರಡು ಸಲ ಹೋಗಿತ್ತು, ಅಕ್ಕನ ಬಾಣಂತನದ ಖರ್ಚು ಹೋಗಿತ್ತು. ಅಪ್ಪ ಕುಡಿಯುತ್ತಿದ್ದ ವರ್ಷಗಳಲ್ಲಿ ಮನೆಗೆ ಅಕ್ಕಿ ಬಂದದ್ದೂ ಅಲ್ಲಿಂದಲೇ. ಅಪ್ಪನಿಗೆ ಗೊತ್ತಿಲ್ಲದ್ದರಿಂದಲೇ ಆ ಹಣ ಉಳಿದಿತ್ತು. ಆ ರಾತ್ರಿ ನಮ್ಮ ಕೇರಿಯ ಎಷ್ಟು ಮನೆಗಳಲ್ಲಿ ಹೀಗೆ ಡಬ್ಬಿ ಬಯಲಾದವೋ. ದೇಶದ ನೋಟಿನ ಮೌಲ್ಯದಲ್ಲಿ ಶೇಕಡ 86ರಷ್ಟು ಒಂದೇ ರಾತ್ರಿ ರದ್ದಾಯಿತು. ಮುಂದೆ ರಿಸರ್ವ್ ಬ್ಯಾಂಕೇ ಲೆಕ್ಕ ಕೊಟ್ಟಿತು: ಅದರಲ್ಲಿ ಶೇಕಡ 99.3ರಷ್ಟು ಬ್ಯಾಂಕಿಗೆ ವಾಪಸ್ ಬಂತು. ಕಾಳಧನಿಕರು ಕೂಡಿಟ್ಟ ರಾಶಿ ಸುಟ್ಟುಹೋಗುತ್ತದೆ ಎಂದಿದ್ದರಲ್ಲ, ಅದು ಆಗಲಿಲ್ಲ. ಬಯಲಾದದ್ದು ಸಾಸಿವೆ ಡಬ್ಬಿ.

ಎರಡನೆಯ ಸಲ ಅದನ್ನು ಬಯಲು ಮಾಡಿದವನು ನಾನು. 2023ರಲ್ಲಿ ಗೃಹಲಕ್ಷ್ಮಿ ಹಣ ಬರಲು ಶುರುವಾದಾಗ ಅವ್ವನ ಖಾತೆಗೆ ನನ್ನ ಮೊಬೈಲ್ ನಂಬರ್ ಜೋಡಿಸಿದೆ. ಅವಳ ಹತ್ತಿರ ಇದ್ದದ್ದು ಗುಂಡಿ ಒತ್ತುವ ಸಣ್ಣ ಫೋನು. ಆ್ಯಪನ್ನೂ ನನ್ನ ಫೋನಿನಲ್ಲೇ ಹಾಕಿದೆ, 'ನಿನಗೆ ಬೇಕಾದಾಗ ಹೇಳು, ನಾನು ಹಾಕ್ತೀನಿ' ಎಂದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಹಣ ಬಂದ ದಿನ ನನಗೆ ಸಂದೇಶ, ತೆಗೆದ ದಿನ ನನಗೆ ಸಂದೇಶ. ಒಂದು ಸಲ ಐನೂರು ರೂಪಾಯಿ ಯಾರಿಗೆ ಕೊಟ್ಟೆ ಎಂದು ಕೇಳಿದೆ. ಸುಮ್ಮನೆ ಕೇಳಿದೆ, ಸಿಟ್ಟಿನಿಂದಲ್ಲ. ಅವ್ವ ಉತ್ತರ ಕೊಡಲಿಲ್ಲ. ಅದಾದ ಮೇಲೆ ತಿಂಗಳುಗಟ್ಟಲೆ ಅವಳು ಆ ಖಾತೆಯಿಂದ ಒಂದು ರೂಪಾಯಿಯನ್ನೂ ಕೇಳಲಿಲ್ಲ. ಆಮೇಲೆ ತಿಳಿಯಿತು, ಆ ಐನೂರು ಗಂಡ ಬಿಟ್ಟ ನನ್ನ ಚಿಕ್ಕಮ್ಮನಿಗೆ ಹೋಗಿತ್ತು. ನಮ್ಮ ಮನೆಯಲ್ಲಿ ಅವಳ ಹೆಸರೆತ್ತುವಂತಿರಲಿಲ್ಲ.

ನನ್ನ ಅವ್ವ ಯಾವ ತಪ್ಪನ್ನೂ ಮಾಡಿರಲಿಲ್ಲ. ಆದರೂ ಅವಳಿಗೆ ಮುಚ್ಚಿಡುವಂಥದ್ದು ಇತ್ತು, ಮುಚ್ಚಿಡುವ ಹಕ್ಕೂ ಇತ್ತು. ಆ ಹಕ್ಕನ್ನು ಕಿತ್ತುಕೊಂಡದ್ದು ಸರ್ಕಾರವೂ ಅಲ್ಲ, ಕಂಪನಿಯೂ ಅಲ್ಲ. ಓದಿದ ಮಗ. 'ಮುಚ್ಚಿಡಲು ಏನೂ ಇಲ್ಲದವರಿಗೆ ಭಯವೇಕೆ' ಎಂದು ಕೇಳುವವರು ತಮ್ಮ ಮನೆಯ ಅಡುಗೆಮನೆಗೆ ಹೋಗಿ ಒಮ್ಮೆ ಕೇಳಲಿ.

ಸರ್ವರ್ ಡೌನ್ ಎಂಬ ದೇವರು

ಇನ್ನು ಕಂಪ್ಯೂಟರಿನ ಮಾತು. 'ಸರ್ವರ್ ಡೌನ್' ಎಂಬುದು ಈಗ ಅಚ್ಚ ಕನ್ನಡ ಪದ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡಲು ನಿಂತ ಅಜ್ಜನಿಗೆ ಅದರ ಅರ್ಥ ಗೊತ್ತು. ಉದ್ಯೋಗ ಖಾತ್ರಿಯ ಹಾಜರಾತಿಯನ್ನು 2023ರ ಜನವರಿಯಿಂದ ಆ್ಯಪಿನಲ್ಲೇ ಹಾಕಬೇಕೆಂದಾಗ, ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಮೇಟಿಗೂ ಗೊತ್ತು. ಪಟ್ಟಣದವರಿಗೆ ಅದು ತಿಳಿದದ್ದು 2025ರ ಮಾರ್ಚ್ 26ರಂದು ಮತ್ತು ಏಪ್ರಿಲ್ 12ರಂದು. ಎರಡೂ ದಿನ ದೇಶದಾದ್ಯಂತ ಯುಪಿಐ ಗಂಟೆಗಟ್ಟಲೆ ಕೈಕೊಟ್ಟಿತು. ಹೋಟೆಲಿನಲ್ಲಿ ಊಟ ಮಾಡಿ ಮುಗಿಸಿದವರು, ಪೆಟ್ರೋಲ್ ಹಾಕಿಸಿಕೊಂಡವರು ಫೋನ್ ಹಿಡಿದು ಆಕಾಶ ನೋಡುತ್ತ ನಿಂತರು. ಜೇಬಿನಲ್ಲಿ ಇನ್ನೂರು ರೂಪಾಯಿ ನೋಟಿದ್ದವರು ಕೊಟ್ಟು ನಡೆದರು.

ಸೈಬರ್ ಹುಡುಗನ ನಾನೂರು ರೂಪಾಯಿಗೂ ಒಂದು ನಿಯಮವಿದೆ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ: ಖಾತೆಯಿಂದ ಹಣ ಕಡಿತವಾಗಿ ಎದುರಿನವರಿಗೆ ಜಮಾ ಆಗದಿದ್ದರೆ, ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣ ಮರುದಿನದೊಳಗೆ, ಅಂಗಡಿಗೆ ಕೊಟ್ಟ ಹಣ ಐದು ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ತಡವಾದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕು. ಈ ನೂರು ರೂಪಾಯಿ ಪಡೆದವರು ನಮ್ಮೂರಿನಲ್ಲಿ ಯಾರಾದರೂ ಇದ್ದಾರೆಯೇ ಎಂದು ಚಹಾದಂಗಡಿಯಲ್ಲಿ ಕೇಳಿದೆ. ಅಂಥ ನಿಯಮ ಇದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

ಸರ್ವರ್ ಬಿದ್ದರೆ ಏಳುತ್ತದೆ. ಖಾತೆಗೇ ಬೀಗ ಬಿದ್ದರೆ? ಸೈಬರ್ ವಂಚಕರು ಯಾರದೋ ಖಾತೆಯಿಂದ ಹಣ ಎಗರಿಸಿ, ಅದೇ ಹಣದಲ್ಲಿ ಎಲ್ಲೋ ತಿಂಡಿ ತಿಂದು ಸ್ಕ್ಯಾನ್ ಮಾಡಿ ಹೋಗುತ್ತಾರೆ. ಪೊಲೀಸರು ಹಣದ ಜಾಡು ಹಿಡಿದು ತಿಂಡಿ ಮಾರಿದವನ ಖಾತೆಗೂ ತಡೆ ಹಾಕಿಸುತ್ತಾರೆ. ದಿಲ್ಲಿಯ ಬೀದಿಬದಿಯ ಛೋಲೆ ಭಟೂರೆ ವ್ಯಾಪಾರಿಯೊಬ್ಬನ ಇಡೀ ಖಾತೆಗೆ ತಡೆ ಬಿದ್ದದ್ದು ಹೀಗೆ ಬಂದ 105 ರೂಪಾಯಿಗಾಗಿ. 2024ರಲ್ಲಿ ಅವನು ದಿಲ್ಲಿ ಹೈಕೋರ್ಟಿಗೆ ಹೋಗಿ ಖಾತೆ ಬಿಡಿಸಿಕೊಳ್ಳಬೇಕಾಯಿತು. ಇಂಥದ್ದೇ ಪ್ರಕರಣಗಳಲ್ಲಿ ಕೇರಳ ಹೈಕೋರ್ಟ್ 2023ರಲ್ಲೇ, ತಡೆ ಏನಿದ್ದರೂ ಶಂಕಿತ ಮೊತ್ತಕ್ಕೆ ಸೀಮಿತವಾಗಬೇಕು ಎಂದಿತ್ತು. ಹೈಕೋರ್ಟ್ ಇರುವ ಊರಿನ ವ್ಯಾಪಾರಿಗೆ ಅಷ್ಟಾದರೂ ದಾರಿ ಇತ್ತು. ನಮ್ಮ ಸಂತೆಯ ಬಾಳೆಹಣ್ಣಿನ ಗಾಡಿಯವನು 105 ರೂಪಾಯಿಗಾಗಿ ಯಾವ ಕೋರ್ಟಿಗೆ ಹೋಗಬೇಕು?

ನೋಟು ಬೇಡ ಎನ್ನುವ ಕೌಂಟರು

ಕಳೆದ ಬೇಸಿಗೆಯಲ್ಲಿ ಒಂದು ಸರ್ಕಾರಿ ಕೌಂಟರಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಅಜ್ಜ ಕಾಗದವೊಂದಕ್ಕೆ ಮೂವತ್ತು ರೂಪಾಯಿ ಕೊಡಬೇಕಿತ್ತು. ಪಂಚೆಯ ಗಂಟಿನಿಂದ ಇಪ್ಪತ್ತರದೊಂದು, ಹತ್ತರದೊಂದು ನೋಟು ತೆಗೆದು ಚಾಚಿದ. ಒಳಗಿದ್ದ ಹುಡುಗ ತಲೆಯೆತ್ತದೆ, "ಕ್ಯಾಶ್ ತಗೊಳ್ಳಲ್ಲ, ಯಾರ ಕಡೆಯಾದ್ರೂ ಸ್ಕ್ಯಾನ್ ಮಾಡಿಸು" ಎಂದ. ಅಜ್ಜ ತಿರುಗಿ ಸಾಲಿನಲ್ಲಿದ್ದ ನಮ್ಮೆಲ್ಲರ ಮುಖ ನೋಡಿದ. ಕೈಯಲ್ಲಿ ದುಡ್ಡು ಹಿಡಿದುಕೊಂಡು ಬೇಡುವವನಂತೆ ನೋಡಿದ. ನಾನು ಸ್ಕ್ಯಾನ್ ಮಾಡಿದೆ, ಅವನ ಮೂವತ್ತು ರೂಪಾಯಿ ಜೇಬಿಗೆ ಹಾಕಿಕೊಂಡೆ. ಅವನು ಕೈಮುಗಿದ. ತನ್ನದೇ ದುಡ್ಡು ಕೊಟ್ಟು ಕೈಮುಗಿದ. ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

1934ರ ರಿಸರ್ವ್ ಬ್ಯಾಂಕ್ ಕಾಯ್ದೆಯ 26ನೇ ಕಲಂ ಪ್ರಕಾರ ರಿಸರ್ವ್ ಬ್ಯಾಂಕಿನ ನೋಟು ದೇಶದ ಯಾವ ಜಾಗದಲ್ಲಾದರೂ ಕಾನೂನುಬದ್ಧ ಹಣ. ಸರ್ಕಾರವೇ ಖಾತರಿ ಕೊಟ್ಟ ಹಣವನ್ನು ಸರ್ಕಾರದ ಕಿಟಕಿಯೇ ಬೇಡ ಎಂದರೆ ಆ ಖಾತರಿಗೆ ಏನು ಬೆಲೆ? ಆ ನೋಟನ್ನೇ ಒಮ್ಮೆ ನೋಡಿ. ಹಿಂಭಾಗದಲ್ಲಿ ಹದಿನೈದು ಭಾಷೆಗಳ ನಡುವೆ ನಮ್ಮ ಕನ್ನಡವೂ ಇದೆ. ಓದು ಬಾರದವರಿಗೂ ಬಣ್ಣ ಗೊತ್ತು: ಹತ್ತು ಕಂದು, ಐವತ್ತು ನೀಲಿ, ನೂರು ತಿಳಿನೇರಳೆ, ಇನ್ನೂರು ಹಳದಿ, ಐನೂರು ಬೂದು. ಅವ್ವನ ಖಾತೆಯ ಸಂದೇಶ ಬರುವುದು ಇಂಗ್ಲಿಷಿನಲ್ಲಿ. ಬಣ್ಣವೂ ಇಲ್ಲ, ಕನ್ನಡವೂ ಇಲ್ಲ.

ನಮ್ಮ ಕಡೆಯೂ ತಪ್ಪಿದೆ, ಒಪ್ಪಿಕೊಳ್ಳಬೇಕು. ಹತ್ತು ರೂಪಾಯಿ ನಾಣ್ಯ ನಡೆಯಲ್ಲ ಎಂದು ಯಾರೋ ಹಬ್ಬಿಸಿದ ಗಾಳಿಮಾತು ನಂಬಿ ನಮ್ಮ ಅಂಗಡಿಯವರೇ ಅದನ್ನು ವಾಪಸ್ ಕೊಡುತ್ತಾರೆ. ಹದಿನಾಲ್ಕು ವಿನ್ಯಾಸದ ನಾಣ್ಯಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದ್ದರೂ ಕೇಳುವುದಿಲ್ಲ. ನಗದಿನ ಹಕ್ಕು ಕೇಳುವವರು ಮೊದಲು ನಾಣ್ಯ ತೆಗೆದುಕೊಳ್ಳಲು ಕಲಿಯಬೇಕು.

ಎದುರಾಳಿಗಳ ಮಾತಿಗೆ

'ನಗದು ಇದ್ದಷ್ಟು ಲಂಚ' ಎನ್ನುತ್ತಾರೆ. ಲಂಚದ ದುಡ್ಡನ್ನು ಆ್ಯಪಿನಲ್ಲೇ ಹಾಕಿಸಿಕೊಂಡು ಲೋಕಾಯುಕ್ತದ ಬಲೆಗೆ ಬಿದ್ದವರ ಸುದ್ದಿಯನ್ನು ನಾವೇ ಓದಿದ್ದೇವೆ. ದೊಡ್ಡ ಲಂಚ ಜಮೀನಾಗಿ, ಚಿನ್ನವಾಗಿ, ಬೇನಾಮಿ ಹೆಸರಾಗಿ ಹೋಗುತ್ತದೆ. ಅದಕ್ಕೆ ಚಹಾದಂಗಡಿಯ ಹತ್ತು ರೂಪಾಯಿ ನೋಟು ಕಾರಣವಲ್ಲ.

'ಜನರೇ ನಗದು ಬಿಟ್ಟಿದ್ದಾರೆ' ಎನ್ನುತ್ತಾರೆ. ಬಿಟ್ಟಿಲ್ಲ. ನೋಟು ರದ್ದತಿಯ ಹೊತ್ತಿಗೆ ಚಲಾವಣೆಯಲ್ಲಿದ್ದ ನೋಟು ಸುಮಾರು 18 ಲಕ್ಷ ಕೋಟಿ ರೂಪಾಯಿ. 2025ರ ಮಾರ್ಚ್ ಹೊತ್ತಿಗೆ ಅದು 36 ಲಕ್ಷ ಕೋಟಿ ದಾಟಿತು. ಜನ ಎರಡನ್ನೂ ಬಳಸುತ್ತಿದ್ದಾರೆ. ಕಬ್ಬಿನ ಬಿಲ್ಲು ಖಾತೆಗೆ ಬರಲಿ, ಕೂಲಿ ಕೈಗೆ ಬರಲಿ ಎನ್ನುವ ಬುದ್ಧಿ ಜನರಿಗಿದೆ.

'ಮುಂದುವರಿದ ದೇಶಗಳಲ್ಲಿ ನಗದೇ ಇಲ್ಲ' ಎನ್ನುತ್ತಾರೆ. ಸ್ವೀಡನ್ನಿನ ಹೆಸರು ಹೇಳುತ್ತಾರೆ. ಆ ಸ್ವೀಡನ್ನಿನಲ್ಲೇ ದೊಡ್ಡ ಬ್ಯಾಂಕುಗಳು ನಗದು ಸೇವೆ ಕೊಡಲೇಬೇಕು ಎಂಬ ಕಾನೂನು 2021ರಿಂದ ಜಾರಿಯಲ್ಲಿದೆ. ಯುದ್ಧ, ಸೈಬರ್ ದಾಳಿ ಆದರೆ ಏನು ಗತಿ ಎಂಬ ಭಯದಿಂದ ಅಲ್ಲಿನ ಸರ್ಕಾರವೇ ಮನೆಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ ಎಂದು ಜನರಿಗೆ ಹೇಳುತ್ತಿದೆ. ಪಕ್ಕದ ನಾರ್ವೆ 2024ರ ಅಕ್ಟೋಬರಿನಿಂದ ಅಂಗಡಿಗಳಲ್ಲಿ ನಗದು ಕೊಡುವ ಗ್ರಾಹಕರ ಹಕ್ಕನ್ನು ಕಾನೂನಿನಲ್ಲಿ ಇನ್ನಷ್ಟು ಬಿಗಿ ಮಾಡಿದೆ. ಅವರು ಆ ದಾರಿಯ ತುದಿ ಮುಟ್ಟಿ ವಾಪಸ್ ಹೊರಟಿದ್ದಾರೆ. ನಾವು ಅದೇ ದಾರಿಯಲ್ಲಿ ಓಡುವುದನ್ನೇ ಪ್ರಗತಿ ಎನ್ನುತ್ತಿದ್ದೇವೆ.

'ನಗದು ಕಳುವಾಗುತ್ತದೆ' ಎನ್ನುತ್ತಾರೆ. ನಿಜ. ಆದರೆ ಜೇಬುಗಳ್ಳ ಜೇಬಿನಲ್ಲಿದ್ದಷ್ಟನ್ನೇ ಒಯ್ಯುತ್ತಾನೆ. ಒಂದು ಪಿನ್ ಹೇಳಿಸಿಕೊಂಡವನು ಖಾತೆಯನ್ನೇ ಗುಡಿಸುತ್ತಾನೆ.

ನಾವು ಕೇಳಬೇಕಾದದ್ದು

ಬೇಡಿಕೆಗಳು ದೊಡ್ಡವಲ್ಲ. ಒಂದು, ಸರ್ಕಾರದ, ಸರ್ಕಾರಿ ಅನುದಾನ ಪಡೆಯುವ ಯಾವುದೇ ಕಚೇರಿ, ಕಾಲೇಜು, ಬಿಲ್ ಕೌಂಟರಿನಲ್ಲಿ ನಗದನ್ನು ನಿರಾಕರಿಸುವಂತಿಲ್ಲ ಎಂದು ರಾಜ್ಯ ಸರ್ಕಾರ ಲಿಖಿತ ಆದೇಶ ಹೊರಡಿಸಲಿ. ಆ ಆದೇಶವನ್ನು ಕನ್ನಡದಲ್ಲಿ ಪ್ರತಿ ಕಿಟಕಿಯ ಮೇಲೆ ಅಂಟಿಸಲಿ. ಎರಡು, ಯಾವ ಇಲಾಖೆ, ಯಾವ ಕಾನೂನಿನಡಿ, ಎಷ್ಟು ಜನರ ಪಾವತಿ ವಿವರ ತರಿಸಿಕೊಂಡಿತು ಎಂಬುದನ್ನು ವರ್ಷಕ್ಕೊಮ್ಮೆ ವಿಧಾನಮಂಡಲದ ಮುಂದಿಡಲಿ. ನೋಟಿಸ್ ಕೊಡುವ ಮೊದಲು ಅಂಗಡಿಗೆ ಒಬ್ಬ ಮನುಷ್ಯ ಬಂದು ನೋಡಲಿ. ಮೂರು, ವಂಚನೆಯ ತನಿಖೆಯಲ್ಲಿ ಶಂಕಿತ ಮೊತ್ತಕ್ಕಷ್ಟೇ ತಡೆ ಹಾಕಲಿ, ಇಡೀ ಖಾತೆಗೆ ಬೀಗ ಬೇಡ. ನಾಲ್ಕು, ಹೆಂಗಸರ ಹೆಸರಿನಲ್ಲಿ ಬರುವ ಯೋಜನೆಯ ಹಣದ ಸಂದೇಶ ಅವರದೇ ಫೋನಿಗೆ, ಕನ್ನಡದಲ್ಲಿ ಬರಲಿ. ಆ ಹಣ ಊರಿನಲ್ಲೇ ನಗದಾಗಿ ಕೈಗೆ ಸಿಗುವ ವ್ಯವಸ್ಥೆ ಆಗಲಿ.

ಇವಿಷ್ಟು ಸರ್ಕಾರಕ್ಕೆ. ನಮಗೂ ಒಂದೆರಡು ಕೆಲಸವಿದೆ. ಸ್ಕ್ಯಾನ್ ಮಾಡಲು ಬಾರದವರನ್ನು ನೋಡಿ ನಗುವುದನ್ನು ಬಿಡೋಣ. ಜೇಬಿನಲ್ಲಿ ನೂರರ ಎರಡು ನೋಟು, ಒಂದಿಷ್ಟು ಚಿಲ್ಲರೆ ಇಟ್ಟುಕೊಳ್ಳೋಣ. ಬಳಸುವವರೇ ಇಲ್ಲವಾದರೆ ನಗದನ್ನು ಯಾವ ಕಾನೂನೂ ಉಳಿಸಲಾರದು. ಇನ್ನು ಮುಂದೆ ಕ್ಯೂಆರ್ ಕೋಡ್ ಹಿಡಿದ ಸೊಪ್ಪಿನಜ್ಜಿಯ ಫೋಟೋ ತೆಗೆಯುವಾಗ, 'ಅಜ್ಜಿ, ಆ ದುಡ್ಡು ನಿಮ್ಮ ಕೈಗೆ ಬರ್ತದಾ?' ಎಂದು ಕೇಳಿಯೇ ಸುದ್ದಿ ಬರೆಯೋಣ.

ಚಿಕ್ಕಮ್ಮನ ವಿಷಯ ತಿಳಿದ ವಾರವೇ ಅವ್ವನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ಖಾತೆಯಿಂದ ನನ್ನ ನಂಬರ್ ತೆಗೆಸಿ, ಅವಳ ಸಣ್ಣ ಫೋನಿನ ನಂಬರ್ ಹಾಕಿಸಿದೆ. ಅವಳಿಗೆ ಸಂದೇಶ ಓದಲು ಬರುವುದಿಲ್ಲ. ಪಕ್ಕದ ಮನೆಯ ಹುಡುಗಿಯಿಂದ ಓದಿಸಿಕೊಳ್ಳುತ್ತಾಳೆ, ನನ್ನಿಂದಲ್ಲ. ತಿಂಗಳಿಗೊಮ್ಮೆ ತಾನೇ ಹೋಗಿ ನಗದು ತರುತ್ತಾಳೆ. ಸಾಸಿವೆ ಡಬ್ಬಿ ಮತ್ತೆ ಅಡುಗೆಮನೆಯ ಮೇಲಿನ ಹಲಗೆಗೆ ಹೋಗಿದೆ. ಅದರಲ್ಲಿ ಈಗ ಎಷ್ಟಿದೆ ಎಂದು ನನಗೆ ಗೊತ್ತಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ.